ತಪ್ಪಾಗಿ ಓದಿದ ಎದೆಬಡಿತ

ಆ ಆಸ್ಪತ್ರೆಯ ಇಸಿಜಿ ಕೋಣೆಯಷ್ಟು ಒಂಟಿ ಜಾಗ ಮೂರು ಲೋಕದಲ್ಲೂ ಇರಲಿಲ್ಲ, ಬೇಕಾದರೆ ಪಂಥ ಕಟ್ಟಿ. ಅಲ್ಲಿ ಕೂತಿದ್ದ ಅಕ್ಕ ಲಕ್ಷ ಎದೆಗಳ ಬಡಿತ ಕಂಡವಳು. ಸರಿ, ನಾಲ್ಕಾರು ಸಾವಿರ ಕಡಿಮೆ ಇರಬಹುದು. ಮನೆಗೆ ಹೋದರೆ ಫ್ರಿಜ್ಜಿನ ಗೊರಗೊರ ಬಿಟ್ಟರೆ ಅವಳ ಜೊತೆ ಮಾತಿಗೆ ಯಾರೂ ಇಲ್ಲ.

ಎಲ್ಲರಿಗೂ ಅವಳು ಅಕ್ಕ. ಹಲ್ಲುದುರಿದ ಮುದುಕರಿಗೂ ಅಕ್ಕ. ಪೇಶೆಂಟಾಗಿ ಬರುತ್ತಿದ್ದ ಲಿಫ್ಟ್ ರಿಪೇರಿಯವನೊಬ್ಬ ಮಾತ್ರ "ನೋಡಿ" ಅಂತ ಶುರುಮಾಡಿ, ಅಕ್ಕ ಅನ್ನೋದನ್ನು ಜಾಣತನದಿಂದ ನುಂಗಿಬಿಡುತ್ತಿದ್ದ. ಆ ಒಂದು ನುಂಗಾಟಕ್ಕೇ ಅವಳು ಕರಗಿ ನೀರಾಗಿದ್ದಳು.

ಅವನಿಗೆ ಬಿಪಿ, ಆಕಾಶ ಮುಟ್ಟುವ ಬಿಪಿ. ಮೊದಲ ದಿನವೇ ಮೆಷಿನ್ ಹೃದಯದ ಗೋಡೆ ದಪ್ಪಗಾಗಿರಬಹುದು ಎಂದಿತ್ತು. ಡಾಕ್ಟರು ಹದಿನೈದು ದಿನಕ್ಕೊಮ್ಮೆ ಬರಲು ಹೇಳಿದರು. ಬಂದ, ಪ್ರತಿ ಸಲವೂ ಗರಿಗರಿ ಇಸ್ತ್ರಿ ಮಾಡಿದ ಅಂಗಿಯಲ್ಲಿ. ಬಂದ ಕೂಡಲೇ ಬಿಚ್ಚಬೇಕಾದ ಅಂಗಿ.

ಇವತ್ತು ಅವನು ಎದೆಗೆ ವೈರು ಅಂಟಿಸಿಕೊಂಡು ಮಲಗಿದ್ದಾಗ ಅವಳ ಕಣ್ಣು ಸ್ಕ್ರೀನಿನ ಮೂಲೆಗೆ ಬಿತ್ತು. ಅವನ ಹೆಸರಿನ ಮುಂದೆ 'ಹೆಣ್ಣು' ಎಂದಿತ್ತು. ಮೊದಲ ದಿನ ಅವನ ಮುಖ ನೋಡುತ್ತಾ, ಹಿಂದಿನ ಪೇಶೆಂಟಿನದನ್ನು ಬದಲಿಸುವುದನ್ನೇ ಮರೆತಿದ್ದಳು; ಆಮೇಲೆ ಪ್ರತಿ ಸಲವೂ ಅದೇ ದಾಖಲೆ ತೆರೆದುಕೊಂಡಿತ್ತು. ಹೆಂಗಸರ ಇಸಿಜಿ ಗೆರೆ ಸಾಮಾನ್ಯವಾಗಿ ಗಿಡ್ಡ, ಗಂಡಸರದು ಎತ್ತರ. ಅವನ ಗೆರೆಯನ್ನು ಹೆಣ್ಣಿನ ಅಳತೆಗೆ ಹಿಡಿದು ಮೆಷಿನ್ ಸುಮ್ಮನೆ ಹೆದರಿತ್ತು.

ತಿದ್ದಿದರೆ ಅವನ ಭಯ ಹೋಗುತ್ತದೆ. ಅವನೂ ಹೋಗುತ್ತಾನೆ. ಅವಳ ಬೆರಳು ಕೀಬೋರ್ಡಿನ ಮೇಲೆ ಒಂದು ಯುಗ ನಿಂತಿತು.

"ಸರಿಯಾಗಿ ನಿದ್ದೆನೇ ಇಲ್ಲ," ಅಂದ ಅವನು ಛಾವಣಿ ನೋಡುತ್ತಾ. "ಮಲಗಿದ್ರೆ ಏಳ್ತೀನೋ ಇಲ್ವೋ ಅನ್ಸುತ್ತೆ. ಕರೆದು ಎಬ್ಬಿಸೋರೂ ಇಲ್ವಲ್ಲ."

ಅಷ್ಟು ಸಾಕಾಯಿತು. ಅವಳು ನಡೆದದ್ದನ್ನೆಲ್ಲ ಹೇಳಿಬಿಟ್ಟಳು.

"ಇಷ್ಟು ದಿನ ನಿಮ್ಮನ್ನ ಹೆಂಗಸು ಮಾಡಿಟ್ಟಿದ್ದೆ. ವಯಸ್ಸಾದ್ರೂ ಸರಿ ಇದೆ ತಾನೆ? ಅದಕ್ಕೂ ಅಳತೆ ಬದಲಾಗುತ್ತೆ."

ಅವನು ಬಹಳ ಹೊತ್ತು ಕೆಮ್ಮಿದ. "ನಲವತ್ತೆಂಟು ಅಂದಿದ್ದೆ. ಐವತ್ತೇಳು ಹಾಕಿ."

"ಯಾಕೆ ಸುಳ್ಳು ಹೇಳಿದ್ರಿ?"

"ಕೇಳಿದ್ದು ನೀವಲ್ವಾ."

ಹೊಸ ಕಾಗದ ಹೊರಬಂತು. ಡಾಕ್ಟರು ನೋಡಿ, ಹೃದಯ ಚೆನ್ನಾಗಿದೆ, ಮಾತ್ರೆ ಮಾತ್ರ ಬಿಡಬೇಡಿ, ಇಸಿಜಿಗೆ ಇನ್ನು ವರ್ಷ ಬಿಟ್ಟು ಬನ್ನಿ ಅಂದರು. ಆ ಸಿಹಿಸುದ್ದಿ ಹಿಡಿದು ಅವನು ಮತ್ತೆ ಇಸಿಜಿ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಅಷ್ಟು ಆರೋಗ್ಯವಂತನಾದ ದುಃಖಿಯನ್ನು ಭೂಮಿ ಅದುವರೆಗೆ ಹೊತ್ತಿರಲಿಲ್ಲ.

"ಒಂದು ವರ್ಷ ಅಂತೆ, ನೋಡಿ," ಅಂದ.

ಅವಳು ಮಂಚದ ಹೊದಿಕೆ ಬದಲಿಸುತ್ತಿದ್ದಳು. ತಿರುಗದೆಯೇ ಹೇಳಿದಳು:

"ಅದು ಇಸಿಜಿಗೆ. ಐದಕ್ಕೆ ನನ್ನ ಡ್ಯೂಟಿ ಮುಗಿಯುತ್ತೆ. ಗೇಟಿನ ಹತ್ರ ಕಾಯ್ತೀರಾ?"