ತೆರೆಯದೆ ಅಳಿಸಿದ ಅಟ್ಯಾಚ್‌ಮೆಂಟ್

"ಮುಟ್ಟಬೇಡಿ!"

ಬಾಗಿಲಲ್ಲಿ ನಿಂತ ಅಪರಿಚಿತ ಯುವಕನ ಕೂಗಿಗೆ ಅರ್ಪಿತಳ ಬೆರಳು ಮೌಸ್‌ನ ಮೇಲೆಯೇ ತಡೆದು ನಿಂತಿತು.

ಅದು ೨೦೦೩ರ ಶ್ರಾವಣ. ಮದುವೆಯ ಕರೆಯೋಲೆ, ಮಠದ ಕರಪತ್ರಗಳನ್ನು ನಂಜನಗೂಡಿನ ತನ್ನ ಮನೆಯಲ್ಲೇ ಕಂಪ್ಯೂಟರಿನಲ್ಲಿ ಸಿದ್ಧಗೊಳಿಸುತ್ತಿದ್ದ ಅರ್ಪಿತಳನ್ನು ಹೀಗೆ ಗದರಿದವರು ಅದುವರೆಗೆ ಯಾರೂ ಇರಲಿಲ್ಲ.

"ಯಾರ್ರೀ ನೀವು?"

"ಅಮೃತೇಶ್. ತಿ. ನರಸೀಪುರದಿಂದ ಬಂದೆ. ಕಂಪ್ಯೂಟರ್ ನಿಧಾನ ಆಗಿದೆ ಅಂತ ಫೋನ್ ಮಾಡಿದ್ರಲ್ಲ?"

"ಕರೆದಿದ್ದು ರಿಪೇರಿಗೆ... ಗದರಿಸೋಕಲ್ಲ ಕಣ್ರೀ!"

ಅವನು ನಕ್ಕು, ಪರದೆಯಲ್ಲಿ ಅವಳು ತೆರೆಯಲಿದ್ದ ಮೇಲ್ ಅಟ್ಯಾಚ್‌ಮೆಂಟಿನತ್ತ ಬೆರಳು ತೋರಿದ. "ಆ ಹೆಸರಿನ ಬಾಲ ನೋಡಿ. ಮೊದಲು ಫೋಟೋ ಅಂತಿದೆ, ಕೊನೇಲಿ ಡಾಟ್ ಇಎಕ್ಸ್‌ಇ. ಅದು ಫೋಟೋ ಅಲ್ಲ, ಪ್ರೋಗ್ರಾಂ. ತೆರೆದಿದ್ರೆ ನಿಮ್ಮ ಕೆಲಸವೆಲ್ಲ ಹೋಗ್ತಿತ್ತು."

"ಕಳಿಸಿರೋರು ನಮ್ಮ ಗಿರಾಕಿ!"

"ಅವರಿಗೇ ಗೊತ್ತಿಲ್ಲದೆ ವೈರಸ್ ಕಳಿಸಿರುತ್ತೆ. ಗುರುತಿನವರಾದ್ರೂ ಫೋನ್ ಮಾಡಿ ಕೇಳಿ. ಕಳಿಸಿದ್ದು ನಾನೇ ಅಂದ್ರೆ ಸೇವ್ ಮಾಡಿ, ಆಂಟಿವೈರಸ್‌ನಲ್ಲಿ ಪರೀಕ್ಷೆ ಮಾಡಿ, ಆಮೇಲೆ ತೆರೀರಿ. ಇಲ್ಲ ಅಂದ್ರೆ ಅಳಿಸಿಬಿಡಿ. ನನ್ನ ಹೆಸರಲ್ಲಿ ಬಂದ್ರೂ ಅಷ್ಟೇ!"

ಮರುವಾರ ಒಂದು ಕಡತದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಮೂಡಿದವು. ಅದು ವೈರಸ್ ಅಲ್ಲ, ಬರೆದವರ ಫಾಂಟ್ ಇಲ್ಲಿಲ್ಲವಷ್ಟೇ ಎಂದು ಅವನು ಸರಿಪಡಿಸಿದ. ಅದರ ಮುಂದಿನ ವಾರ ಮೋಡೆಮ್ ಕೈಕೊಟ್ಟಿತು.

"ಅದ್ಯಾಕವ್ವಾ, ಆ ಡಬ್ಬ ವಾರವಾರ ಕೆಡ್ತದೆ? ಆ ರಿಪೇರಿ ಹೈದ ಬಂದ್ರೆ ತಂತಾನೇ ಸರಿಯಾಯ್ತದೆ!" ಎಂದು ಅಜ್ಜಿ ಮಲ್ಲಾಜಮ್ಮ ಕೆಣಕಿದಾಗ ಅರ್ಪಿತ ಕೆಂಪೇರಿದಳು. ಮೋಡೆಮ್ಮಿನ ತಂತಿಯನ್ನು ಅವಳೇ ಸಡಿಲಿಸಿದ್ದಳೆಂದು ಆ ಬೀದಿಯ ಹೆಂಗಸರು ಇಂದಿಗೂ ಹೇಳುತ್ತಾರೆ.

ಕಾರ್ತಿಕದಲ್ಲಿ ತಂದೆ ಗಂಗಾಧರಸ್ವಾಮಿ ಮೈಸೂರಿನ ಸಂಬಂಧವೊಂದನ್ನು ತಂದರು.

"ಸೋಮವಾರ ಸಂಜೆ ಒಪ್ಪಿಗೆ ಹೇಳಬೇಕು ಕಣಮ್ಮ. ನಿನ್ನ ಮನಸ್ಸಲ್ಲಿ ಬೇರೆ ಏನಾದ್ರೂ ಇದ್ಯಾ?"

'ಇದೆ ಅಪ್ಪ... ಆದ್ರೆ ಅವರ ಮನಸ್ಸಲ್ಲಿ?' ಅರ್ಪಿತ ಒಳಗೊಳಗೇ ಅಂದುಕೊಂಡಳು.

ಅವಳು ವಿಷಯ ತಿಳಿಸಿದಾಗ ಅಮೃತೇಶ್ ತನ್ನ ಚೀಲ ಎತ್ತಿಕೊಂಡು ಹೊರಟುಹೋದ. ಶನಿವಾರ ಅವನ ವಿಳಾಸದಿಂದ ಮೇಲ್ ಬಂತು. ಒಳಗೆ ಒಂದಕ್ಷರವಿಲ್ಲ! ಬರೀ ಒಂದು ಅಟ್ಯಾಚ್‌ಮೆಂಟ್.

ಅವಳು ಕಲಿತ ಕ್ರಮ ಬಿಡಲಿಲ್ಲ. ಅವನ ಮನೆಗೆ ಫೋನ್ ಮಾಡಿದಳು.

"ಅಟ್ಯಾಚ್‌ಮೆಂಟ್ ಕಳಿಸಿದ್ದು ನೀವೇನಾ?"

ಅತ್ತ ಹಿನ್ನೆಲೆಯಲ್ಲಿ ಯಾರದೋ ಮಾತಿನ ಗದ್ದಲ. ಆಮೇಲೆ, "ಇಲ್ಲ... ನಾನೇನೂ ಕಳಿಸಿಲ್ಲ."

ಅವಳು ಅಳಿಸಿದಳು. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಬರಿದು ಮಾಡಿದಳು. ಅವನು ತನಗೇನೂ ಬರೆದಿಲ್ಲವೆಂದು ಕಣ್ಣು ತುಂಬಿ ಬಂತು.

ಆದರೆ ಊಹೆಯ ಮೇಲೆ ಬದುಕು ಕಟ್ಟುವವಳಲ್ಲ ಅರ್ಪಿತ. ಸೋಮವಾರ ಬೆಳಿಗ್ಗೆಯೇ ನರಸೀಪುರದ ಬಸ್ ಹತ್ತಿ, ಅವನ ಅಂಗಡಿಯ ಮುಂದೆ ಇಳಿದಳು.

"ನಿಮ್ಮ ಕಂಪ್ಯೂಟರಿಗೇ ವೈರಸ್ ಬಂದಿದೆ ಡಾಕ್ಟ್ರೇ! ನಿಮ್ಮ ಹೆಸರಲ್ಲಿ ಮೇಲ್ ಬಂದಿತ್ತು, ಅಳಿಸಿದೆ."

ಅಮೃತೇಶನ ಕೈಯ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. "ಅಳಿಸಿಬಿಟ್ರಾ? ಫೋನ್ ಮಾಡೋ ಮೊದಲೇ ಓದಿರ್ತೀರಿ, ಬೇಡ ಅಂತ ಆಮೇಲೆ ಸುಮ್ಮನಾದ್ರಿ ಅಂದ್ಕೊಂಡೆ..."

"ಕಳಿಸಿಲ್ಲ ಅಂದೋರು ನೀವೇ ತಾನೆ?"

"ಫೋನ್ ಪಕ್ಕದಲ್ಲೇ ಚನ್ನಾಜಮ್ಮತ್ತೆ ಕೂತಿದ್ರು! ಜೊತೆಗೆ ಮನೆ ತುಂಬ ನೆಂಟರು. ಯಾವ ಹುಡುಗಿ, ಏನು ಕಳಿಸಿದೆ ಅಂತ ಶುರು ಮಾಡ್ತಿದ್ರು... ಗಾಬರಿಲಿ ಹಾಗಂದೆ ಕಣ್ರೀ."

ಅವಳು ಹತ್ತಿರ ಬಂದಳು. "ಅದ್ರಲ್ಲಿ ಏನಿತ್ತು?"

"ಮೂರು ಪುಟ ಇತ್ತು. ಇಲ್ಲೇ ಇದೆ, ತೆರೀಲಾ?"

"ಬೇಡ. ಸಂಜೆಗೆ ಅಪ್ಪನಿಗೆ ಉತ್ತರ ಕೊಡಬೇಕು. ಬಾಯಲ್ಲಿ ಹೇಳಿ."

ಅವನು ಅವಳ ಕಣ್ಣನ್ನೇ ನೋಡಿದ.

"ನಿಮ್ಮನ್ನ ಮದುವೆ ಆಗಬೇಕು ಅಂತಿದೀನಿ ಅರ್ಪಿತ. ಬೇರೆಯವರಿಗೆ ಒಪ್ಪಿಗೆ ಕೊಡಬೇಡಿ."

"ಮೂರು ಪುಟದಲ್ಲಿ ಇದ್ದಿದ್ದು ಇಷ್ಟೇನಾ?"

"ಮಿಕ್ಕಿದ್ದೆಲ್ಲ ಹೆದರಿಕೆ!"

ಕಣ್ಣೀರಿನ ನಡುವೆಯೇ ಅವಳು ನಕ್ಕುಬಿಟ್ಟಳು. "ಹಾಗಾದ್ರೆ ಅಂಗಡಿ ಬಾಗಿಲು ಹಾಕಿ. ಹನ್ನೊಂದೂವರೆ ಬಸ್ಸಿಗೆ ನಂಜನಗೂಡಿಗೆ ಹೋಗೋಣ."

"ಈಗಲೇನಾ? ನಿಮ್ಮಪ್ಪನ ಮುಂದೆ ನನ್ನ ಬಾಯಿ ಕಟ್ಟಿದ್ರೆ?"

ಅವಳು ಮೊದಲ ಬಾರಿಗೆ ಅವನ ಕೈ ಹಿಡಿದಳು.

"ನೀವು ಪಕ್ಕದಲ್ಲಿ ನಿಂತ್ಕೊಳ್ಳಿ... ಮಾತು ನಾನಾಡ್ತೀನಿ."