ಎದುರು ಗೋಡೆಯ ಬಿಳಿ

"ಬಾ ಬಾ, ಮದುಮಗಳೇ! ಯಾಕೆ ಹೊಸಿಲಲ್ಲೇ ನಿಂತುಬಿಟ್ಟೆ? ಒಳಗೆ ಬಾ!"

ತಾನು ಕಾಲಿಡಬೇಕಾದ ಮನೆಯ ಬಾಗಿಲಲ್ಲಿ, ಕೈಯಲ್ಲಿ ಬೀಗದಕೈ ಹಿಡಿದು ನಿಂತಿದ್ದ ರಬಾಬ್‌ಗೆ ತಪ್ಪು ಬಾಗಿಲಿಗೆ ಬಂದೆನೇ ಅನ್ನಿಸಿತು.

ನಡುಮನೆಯಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಹಸಿರು ತಲೆವಸ್ತ್ರ, ಕಾಡಿಗೆ ತೀಡಿದ ಕಣ್ಣು, ಬರಿಗಾಲು. ಒಂದು ಕೈಯಲ್ಲಿ ಬಣ್ಣದ ಶೇಡ್ ಕಾರ್ಡ್. ಇನ್ನೊಂದು ಕೈ ಗೋಡೆಯ ಮೇಲೆ... ತನ್ನ ಮನೆಯ ಗೋಡೆ ಎಂಬಂತೆ!

ಯಾರಿವಳು?

"ನಾನು ಶಾಹಿನಾಜ್. ಇಲ್ಲೇ ಎದುರು ಮನೆಯವಳು. ನೀನೇ ಅಲ್ವಾ ರಬಾಬ್? ಹೈಸಮ್ ಹೇಳಿದ್ದ."

ಹೈಸಮ್ ಹೇಳಿದ್ದ. 'ಹೇಳಿದ್ದರು' ಅಲ್ಲ, 'ನಿನ್ನ ಹುಡುಗ' ಅಂತಲೂ ಅಲ್ಲ. ಬರೀ ಹೈಸಮ್, ಬರೀ ಹೇಳಿದ್ದ! ರಬಾಬ್‌ಳ ಕಿವಿ ಬಿಸಿಯಾಯಿತು.

ಹಿಂದಿನಿಂದ ಏದುಸಿರು ಬಿಡುತ್ತ ಅವಳ ತಾಯಿ ನಈಮಾ ಮೆಟ್ಟಿಲು ಹತ್ತಿ ಬಂದಳು. ಮದುವೆಗೆ ಇನ್ನೂ ಆರು ವಾರ. ಅಲ್ಲಿಯವರೆಗೆ ತಾಯಿಯಿಲ್ಲದೆ ಮಗಳು ಗಂಡಿನ ಮನೆಗೆ ಬರುವುದುಂಟೇ? ಕೈರೋದ ನಮ್ಮ ಶುಬ್ರಾ ಕೇರಿಯಲ್ಲಿ ಕಿಟಕಿಗಿಂತ ಕಣ್ಣುಗಳೇ ಜಾಸ್ತಿ.

ಮೂಲೆಯಲ್ಲಿ ಪುಟ್ಟಿ ಕಲಸುತ್ತಿದ್ದ ಪೇಂಟರ್ ಬಯ್ಯೂಮಿ ಮೇಸ್ತ್ರಿ ತಲೆಯೆತ್ತಿ ನಕ್ಕ. "ಹೋದ ವರ್ಷ ಇವರ ಮನೆಗೂ ನಾನೇ ಬಣ್ಣ ಹೊಡೆದಿದ್ದು, ತಾಯಿ. ಅದಕ್ಕೇ ಒಂದು ಸಲ ಬಂದು ನೋಡಿ ಅಂದೆ."

ಗೋಡೆಯ ಮೇಲೆ ಅಂಗೈಯಗಲದ ಎರಡು ಬಣ್ಣದ ಚೌಕಗಳಿದ್ದವು. ಒಂದು ರಬಾಬ್ ಆರಿಸಿದ್ದ ಮುತ್ತಿನ ಬಿಳಿ. ಇನ್ನೊಂದು ಏಪ್ರಿಕಾಟ್ ಹಣ್ಣಿನ ಬಣ್ಣ. ಅದನ್ನು ಅವಳು ಆರಿಸಿರಲಿಲ್ಲ.

"ಇದನ್ನ ಯಾರು ಹಾಕಿಸಿದ್ದು?"

"ನಾನೇ ಕಣೇ!" ಎಂದಳು ಶಾಹಿನಾಜ್ ಸಂಭ್ರಮದಿಂದ. "ನಿನ್ನ ಬಿಳಿ ಈ ಕೋಣೇಲಿ ಬದುಕಲ್ಲ. ನೋಡು, ಹಗಲಲ್ಲೇ ಬೂದಿ ಬಳಿದ ಹಾಗೆ ಕಾಣ್ತಿದೆ. ಏಪ್ರಿಕಾಟ್ ಹೊಡಿಸು, ಕತ್ತಲೆ ಇದ್ರೂ ಮನೆ ಬೆಚ್ಚಗಿರುತ್ತೆ."

ಮಾತು ಸುಳ್ಳಾಗಿರಲಿಲ್ಲ. ಅದಕ್ಕೇ ರಬಾಬ್‌ಗೆ ಇನ್ನಷ್ಟು ಉರಿಯಿತು. ಆ ಕೋಣೆಗಿದ್ದದ್ದು ಒಂದೇ ಕಿಟಕಿ. ಅದೂ ಬೀದಿಗಲ್ಲ, ಕಟ್ಟಡದ ನಡುವಿನ ಮನ್ವರಿಗೆ. ಮನ್ವರ್ ಎಂದರೆ ಬೆಳಕು ಬರಲೆಂದು ನೆಲದಿಂದ ಚಾವಣಿಯವರೆಗೆ ಬಿಟ್ಟ ಬಾವಿಯಂಥ ಜಾಗ. ಹೆಸರಿಗೆ ಬೆಳಕಿನದು. ಎದುರು ಗೋಡೆ ನಲವತ್ತು ವರ್ಷದ ಅಡುಗೆಹೊಗೆ ಕುಡಿದು ಕಪ್ಪಾಗಿತ್ತು.

ಅಷ್ಟರಲ್ಲಿ ಹೈಸಮ್ ಬಂದ. ಕನ್ನಡಕದಂಗಡಿಯಿಂದ ಓಡೋಡಿ ಬಂದವನ ಅಂಗಿ ಬೆವರಿಗೆ ಅಂಟಿತ್ತು.

"ಬಂದ್ಯಾ! ಶಾಹಿನಾಜ್ ಭೇಟಿ ಆಯ್ತಾ? ಏನಂತೀಯ ಬಣ್ಣ?"

"ನೀನೇನಂತೀಯ, ಅದನ್ನ ಹೇಳು," ಎಂದಳು ರಬಾಬ್.

ಅಯ್ಯೋ ಹುಡುಗ! ಇಂಥ ಪ್ರಶ್ನೆಗೆ ಬುದ್ಧಿ ಇದ್ದವನು ಉತ್ತರ ಕೊಡುತ್ತಾನೆಯೇ? ಇವನು ಕೊಟ್ಟ.

"ಶಾಹಿನಾಜ್ ಹೇಳೋದ್ರಲ್ಲಿ ಅರ್ಥ ಇದೆ, ರಬಾಬ್..."

ಮುಗಿಯಿತು! ರಬಾಬ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ಮನ್ವರಿನ ಆಚೆ, ಎದುರು ಮನೆಯ ಕಿಟಕಿ ತೆರೆದಿತ್ತು. ಒಳಗಿನ ಗೋಡೆ ಕಾಣಿಸುತ್ತಿತ್ತು... ಏಪ್ರಿಕಾಟ್. ಅದೇ ಏಪ್ರಿಕಾಟ್!

'ಹಾಗಾದರೆ ನನ್ನ ಮನೆ ಇನ್ನೊಬ್ಬಳ ಮನೆಯ ಪಡಿಯಚ್ಚಾಗಬೇಕೇ? ಇವನು ನನ್ನ ಪಕ್ಕ ಕೂತು ಅವಳ ಗೋಡೆ ನೋಡುತ್ತ ಟೀ ಕುಡಿಯಬೇಕೇ?'

"ನನಗೆ ಬಿಳಿಯೇ ಬೇಕು," ಎಂದಳು.

ಹೈಸಮ್ ಅವಳ ಮುಖವನ್ನೇ ನೋಡಿದ. ಆಮೇಲೆ ಕಿಟಕಿಯಾಚೆಯ ಕಪ್ಪು ಗೋಡೆಯನ್ನು ನೋಡಿದ.

*

ಮನೆಗೆ ಬಂದು ಮಗ್ಗುಲಲ್ಲಿ ಮಣಿಗಳ ತಟ್ಟೆ ಇಟ್ಟುಕೊಂಡು ಕೂತಳು ರಬಾಬ್. ಮದುವೆಯ ಗೌನುಗಳಿಗೆ ಮಣಿ ಹೊಲಿಯುವುದು ಅವಳ ಕೆಲಸ. ಅಂದು ಸೂಜಿ ಮೂರು ಸಲ ಬೆರಳಿಗೇ ಚುಚ್ಚಿತು.

ಹೈಸಮ್‌ನ ಪರಿಚಯವಾದದ್ದೂ ಈ ಮಣಿಗಳಿಂದಲೇ. ಎರಡು ವರ್ಷದ ಹಿಂದೆ ತಲೆನೋವೆಂದು ಕನ್ನಡಕದಂಗಡಿಗೆ ಹೋದಾಗ, ಕಣ್ಣು ಪರೀಕ್ಷಿಸಿದ ಈ ಹುಡುಗ ಗಂಭೀರವಾಗಿ ಹೇಳಿದ್ದ: "ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ನಿಮ್ಮ ಮನೆ ಬೆಳಕಿಗೇ ಕನ್ನಡಕ ಬೇಕು!" ಅವಳು ನಕ್ಕಿದ್ದಳು. ಕನ್ನಡಕ ಮಾರಿ ದುಡ್ಡು ಮಾಡಬಹುದಾದಲ್ಲಿ ನಿಜ ಹೇಳಿದ ಗಂಡಸು. ಅಂದೇ ಅವಳ ಮನಸ್ಸು ಜಾರಿತ್ತು.

ಆ ಗಂಡಸು ಈಗ ಎಲ್ಲಿ?

ಮೊದಲು ದಿನಾ ಮಧ್ಯಾಹ್ನ ಫೋನ್ ಮಾಡುತ್ತಿದ್ದವನು ಈಗ ಮಾಡುತ್ತಿರಲಿಲ್ಲ. ಶನಿವಾರ ಅವಳೇ ಮಾಡಿದಳು.

"ಊಟ ಆಯ್ತಾ?"

"ಆಯ್ತು. ದ್ರಾಕ್ಷಿ ಎಲೆ ಮಹಶಿ ತಿಂದೆ. ಆಹಾ!"

"ಎಲ್ಲಿ?"

"ಹೀಗೇ... ಯಾರೋ ಕೊಟ್ರು."

ರಬಾಬ್ ಫೋನ್ ಇಟ್ಟಳು, ಸೂಜಿಯನ್ನೂ ಇಟ್ಟಳು. ಅಂಗಡಿ ಬೀದಿಯಲ್ಲಿ ಬೇಯಿಸಿದ ಅವರೆ ಸಿಗುತ್ತದೆ, ಅನ್ನ-ಬೇಳೆಯ ಕೊಶರಿ ಸಿಗುತ್ತದೆ. ದ್ರಾಕ್ಷಿ ಎಲೆಯ ಮಹಶಿ ಹಾಗೆ ಸಿಗುವ ತಿಂಡಿಯಲ್ಲ. ಒಂದೊಂದೇ ಎಲೆ ಬಿಡಿಸಿ, ಅಕ್ಕಿ ತುಂಬಿ, ಬೆರಳಿನಷ್ಟು ಸಣ್ಣಗೆ ಸುತ್ತಬೇಕು. ಬೆಳಗ್ಗೆಯೆಲ್ಲ ಒಂದು ಹೆಣ್ಣು ಅದಕ್ಕೆಂದು ಕೂರಬೇಕು. ಯಾರಿಗೋ ಸುಮ್ಮಸುಮ್ಮನೆ ಅಷ್ಟು ಎಲೆ ಸುತ್ತುವವರು ಯಾರು?

"ಅಮ್ಮಾ, ಎದ್ದೇಳು. ಮನೆ ನೋಡಿ ಬರೋಣ."

"ಈಗಲಾ? ಉರಿ ಬಿಸಿಲಲ್ಲಿ? ಗೋಡೆ ಎಲ್ಲೂ ಓಡಿ ಹೋಗಲ್ಲ ಕಣೇ!"

"ಗೋಡೆ ಹೋಗಲ್ಲಮ್ಮ," ಎಂದಳು ರಬಾಬ್.

ಹೋದರೆ ಮೇಸ್ತ್ರಿ ಇರಲಿಲ್ಲ. ನೇರ ಕಿಟಕಿಗೆ ಹೋದಳು. ಎದುರು ಮನೆಯ ಅಡುಗೆಕೋಣೆಯಲ್ಲಿ ಅಂಗಿಯ ತೋಳು ಮಡಚಿದ ಗಂಡಸಿನ ಎರಡು ಕೈ. ಎಡ ಮಣಿಕಟ್ಟಿನಲ್ಲಿ ಕಂದು ಪಟ್ಟಿಯ ಗಡಿಯಾರ. ನಿಶ್ಚಿತಾರ್ಥಕ್ಕೆ ಅವಳೇ ಕೊಟ್ಟದ್ದು!

ಶಾಹಿನಾಜ್ ಟೀ ಲೋಟ ಚಾಚಿದಳು. ಆ ಕೈ ತೆಗೆದುಕೊಂಡಿತು. ಅವಳು ಏನೋ ಅಂದಳು, ಅವನು ನಕ್ಕ. ಆ ನಗು ರಬಾಬ್‌ಗೆ ಚೆನ್ನಾಗಿ ಗೊತ್ತಿತ್ತು.

ಅವಳು ಗೋಡೆಗೆ ಸರಿದು ನಿಂತು ಫೋನ್ ಒತ್ತಿದಳು. ಎದುರು ಕಿಟಕಿಯಲ್ಲಿ ಗಡಿಯಾರದ ಕೈ ಜೇಬಿಗೆ ಹೋಯಿತು.

"ಎಲ್ಲಿದ್ದೀಯ, ಹೈಸಮ್?"

"ಅಂಗಡೀಲಿ ಬಂಗಾರ, ತುಂಬಾ ಜನ ಇದ್ದಾರೆ. ಆಮೇಲೆ ಮಾಡ್ಲಾ?"

ಅವಳು ಫೋನ್ ಕಟ್ ಮಾಡಿದಳು. ಕಣ್ಣೆದುರೇ, ಹನ್ನೆರಡು ಅಡಿ ದೂರದಲ್ಲಿ ನಿಂತು ಸುಳ್ಳು ಹೇಳಿದ್ದ!

"ಏನಾಯ್ತೇ? ಮುಖ ಯಾಕೆ ಹೀಗಾಯ್ತು?" ನಈಮಾ ಗಾಬರಿಯಾದಳು.

"ನಡಿ ಅಮ್ಮ. ಶಬ್ಕಾ ವಾಪಸ್ ಕೊಟ್ಟುಬಿಡ್ತೀನಿ."

ಶಬ್ಕಾ ಎಂದರೆ ನಿಶ್ಚಿತಾರ್ಥದಲ್ಲಿ ಗಂಡು ಹಾಕಿದ ಚಿನ್ನ. ಅದು ಹಿಂದೆ ಹೋಯಿತೆಂದರೆ ಸಂಬಂಧವೂ ಹೋಯಿತು. ನಈಮಾ ಎದೆ ಬಡಿದುಕೊಂಡಳು. "ಬಣ್ಣಕ್ಕೆ ಮದುವೆ ಮುರ್ಕೊಳ್ತಾರೇನೇ?"

"ಬಣ್ಣಕ್ಕಲ್ಲಮ್ಮ... ಬಣ್ಣ ಆರಿಸಿದವಳಿಗೆ!"

*

ನಾಲ್ಕು ದಿನ ಅವಳು ಫೋನ್ ಎತ್ತಲಿಲ್ಲ. ಉಂಗುರ ಬಿಚ್ಚಿ ಪೆಟ್ಟಿಗೆಗೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಬೆರಳಿನ ಸುತ್ತ ಬಿಳಿ ಗುರುತು ಉಳಿದಿತ್ತು. ಅದನ್ನು ನೋಡಿದಾಗಲೆಲ್ಲ ಅಳು ಬಂತು. 'ಅವಳಷ್ಟು ಚೆಲುವೆ ನಾನಲ್ಲ. ಅವಳ ಹಾಗೆ ನಗಲೂ ಬರಲ್ಲ. ಕತ್ತಲೆ ಮನೆಯನ್ನೂ ಬೆಚ್ಚಗಿಡಲು ಅವಳಿಗೆ ಗೊತ್ತು. ನನಗೆ ಗೊತ್ತಿರುವುದು ಮಣಿ ಹೊಲಿಯುವುದೊಂದೇ...'

ಐದನೆಯ ದಿನ ಹೈಸಮ್ ನಈಮಾಗೇ ಫೋನ್ ಮಾಡಿದ. "ಅತ್ತೆ, ಹೇಗಾದ್ರೂ ಮಾಡಿ ಇವತ್ತು ಹನ್ನೆರಡಕ್ಕೆ ಅವಳನ್ನ ಮನೆಗೆ ಕರ್ಕೊಂಡು ಬನ್ನಿ. ಕೊಡೋದೆಲ್ಲ ಅಲ್ಲೇ ಕೊಡ್ಲಿ."

ರಬಾಬ್ ಹೋದಳು. ಚೀಲದಲ್ಲಿ ಶಬ್ಕಾದ ಕೆಂಪು ಪೆಟ್ಟಿಗೆ. ನಡುಮನೆಯ ಮರದ ಕಿಟಕಿ ಬಾಗಿಲುಗಳನ್ನು ಮುಚ್ಚಿ, ಬಲ್ಬ್ ಹಾಕಿದ್ದರು. ಗೋಡೆಗೆ ಇನ್ನೂ ಬಣ್ಣ ಬಿದ್ದಿರಲಿಲ್ಲ. ಮೂಲೆಯಲ್ಲಿ ಬಯ್ಯೂಮಿ ಮೇಸ್ತ್ರಿ ನಗು ತಡೆಯುತ್ತ ನಿಂತಿದ್ದ. ನಈಮಾ ಬಣ್ಣದ ಡಬ್ಬದ ಮೇಲೆ ಕೂತು ತಸ್ಬೀಹ್ ಜಪಮಣಿ ಎಣಿಸತೊಡಗಿದಳು.

ಹೈಸಮ್‌ನ ಕೂದಲಲ್ಲಿ, ಹುಬ್ಬಿನಲ್ಲಿ ಬಿಳಿ ಚುಕ್ಕೆಗಳು. ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು.

"ತಗೋ." ಪೆಟ್ಟಿಗೆ ಚಾಚಿದಳು. "ಎದುರು ಮನೆಗೆ ಕೊಡು. ದೂರ ಏನೂ ಇಲ್ಲ, ಕಿಟಕಿಯಿಂದಲೇ ಕೊಡಬಹುದು!"

"ರಬಾಬ್..."

"ಶನಿವಾರ ನಾನು ಇಲ್ಲೇ ನಿಂತಿದ್ದೆ! ಅವಳ ಅಡುಗೆಮನೇಲಿ ಟೀ ಕುಡಿತಾ 'ಅಂಗಡೀಲಿದ್ದೀನಿ' ಅಂದೆಯಲ್ಲ! ಮಹಶಿ ತಿಂದೆಯಲ್ಲ! ಹೇಳು, ಸುಳ್ಳಾ?"

ಹೈಸಮ್‌ನ ಮುಖ ಬಿಳಿಚಿತು. ಅವನು ಗಡಿಯಾರ ನೋಡಿದ.

"ನಾನು ಇಷ್ಟು ಅಳ್ತಿದ್ದೀನಿ, ನೀನು ಟೈಮ್ ನೋಡ್ತಿದ್ದೀಯಾ?"

"ಹನ್ನೆರಡೂ ಇಪ್ಪತ್ತಾಯ್ತು," ಎಂದ ಅವನು ಮೆಲ್ಲಗೆ. "ಮೇಸ್ತ್ರಿ, ಲೈಟ್ ಆರಿಸಿ."

ಕತ್ತಲಾಯಿತು. ಹೈಸಮ್ ಕಿಟಕಿಯ ಎರಡೂ ಬಾಗಿಲು ತೆರೆದ.

ರಬಾಬ್ ಕಣ್ಣು ಮುಚ್ಚಿಕೊಂಡಳು. ಅಷ್ಟು ಬೆಳಕು!

ಮೆಲ್ಲಗೆ ಬಿಟ್ಟು ನೋಡಿದಳು. ಕಪ್ಪಾಗಿದ್ದ ಎದುರು ಗೋಡೆ ಕೆಳಗಿನಿಂದ ಮೇಲಿನವರೆಗೆ ಅಚ್ಚ ಬಿಳಿಯಾಗಿತ್ತು. ನೆತ್ತಿಯ ಸೂರ್ಯ ಮನ್ವರಿಗಿಳಿದು ಆ ಬಿಳಿಗೆ ಬಡಿದು, ಅಲ್ಲಿಂದ ಇಡೀ ಬೆಳಕು ಈ ಕೋಣೆಗೆ ಬಂದು ಬೀಳುತ್ತಿತ್ತು. ಅಂಗೈಯಗಲದ ಅವಳ ಮುತ್ತಿನ ಬಿಳಿ ಬೂದಿಯಾಗಿರಲಿಲ್ಲ. ಹೊಳೆಯುತ್ತಿತ್ತು.

"ಸುಭಾನಲ್ಲಾಹ್!" ನಈಮಾ ಡಬ್ಬದಿಂದ ಎದ್ದುಬಿಟ್ಟಳು.

"ನೀನು ಬಿಳಿಯೇ ಬೇಕು ಅಂದೆ," ಎಂದ ಹೈಸಮ್. "ಒಳಗೆ ಬಿಳಿ ಬದುಕಬೇಕಾದ್ರೆ ಹೊರಗಿನ ಗೋಡೆ ಬಿಳಿ ಆಗ್ಬೇಕು ಅಂದ್ರು ಮೇಸ್ತ್ರಿ. ನಿಂತು ಬಣ್ಣ ಹೊಡಿಯೋ ಹಲಗೆ ಇಳಿಬಿಡೋಕೆ ಇರೋದು ಆ ಅಡುಗೆಮನೆ ಕಿಟಕಿ ಒಂದೇ. ಶಾಹಿನಾಜ್ ಸರಿ ಅಂದ್ಳು. ಹಜ್ ಮಾಡಿ ಬಂದ ಅವಳಮ್ಮ ಹಾಜ್ಜಾ ಒಪ್ಪಬೇಕಲ್ಲ! ಬಟ್ಟೆ ಒಣಹಾಕೋ ಹಗ್ಗದ ಗಾಲಿ ರಿಪೇರಿ ಮಾಡು, ನಲ್ಲಿ ಸರಿಮಾಡು, ನನ್ನ ಕನ್ನಡಕದ ಕಡ್ಡಿ ಬಿಗಿಮಾಡು... ನಾಲ್ಕು ಮಧ್ಯಾಹ್ನ ಹೋಯ್ತು. ಮಹಶಿ ಸುತ್ತಿದ್ದೂ ಆ ಹಾಜ್ಜಾನೇ."

ಸರಿಯಾಗಿ ಆಗಲೇ ಮನ್ವರಿನಿಂದ ಮುದಿ ಧ್ವನಿ ಗುಡುಗಿತು. "ಲೋ ಮದುಮಗ! ಹಗ್ಗ ಮತ್ತೆ ಸಿಕ್ಕಾಕ್ಕೊಂಡಿದೆ ಕಣೋ! ಇದೇನಾ ನೀನು ಮಾಡಿದ ರಿಪೇರಿ?"

"ಬಂದೆ ಹಾಜ್ಜಾ!"

ನಗಬಾರದೆಂದುಕೊಂಡರೂ ರಬಾಬ್‌ಗೆ ನಗು ಬಂತು. ಅಳುವಿನ ಜೊತೆಯಲ್ಲೇ ಬಂತು.

"ಮತ್ತೆ ಸುಳ್ಳು ಯಾಕೆ ಹೇಳಿದೆ?"

"ಮೊದಲು ಬೆಳಕು ನೋಡ್ಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ತಪ್ಪಾಯ್ತು. ನೀನು ಅಲ್ಲಿ ನಿಂತು ನೋಡಿರ್ತೀಯ ಅಂತ ಗೊತ್ತಿದ್ರೆ..." ಅವನು ಬಣ್ಣ ಮೆತ್ತಿದ ಅಂಗೈ ಉಜ್ಜಿಕೊಂಡ. "ಮದುವೆ ಆದ್ಮೇಲೆ ನೀನು ಇದೇ ಕೋಣೇಲಿ ಕೂತು ಹೊಲಿಯೋಳು. ನಿನ್ನ ಕಣ್ಣು ನಾನು ನೋಡಿದ್ದೀನಿ, ರಬಾಬ್. ಆ ಕಣ್ಣಿಗೆ ಕತ್ತಲೆ ಕೊಡೋಕೆ ಮನಸ್ಸು ಬರಲಿಲ್ಲ. ನಂಗೆ ನೀನಂದ್ರೆ ಪ್ರಾಣ. ಪೆಟ್ಟಿಗೆ ನೀನೇ ಇಟ್ಕೋ, ದಯವಿಟ್ಟು."

ಎದುರು ಕಿಟಕಿಯಲ್ಲಿ ಶಾಹಿನಾಜ್ ಕಾಣಿಸಿಕೊಂಡು ಕೈಬೀಸಿದಳು. "ಮದುಮಗಳೇ, ನೀನೇ ಗೆದ್ದೆ! ಬಿಳಿಯೇ ಹೊಡಿಸು!"

ರಬಾಬ್‌ಳ ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿರಲಿಲ್ಲ. ಸುಳ್ಳು ಯಾಕೆ ಹೇಳಲಿ? ಆದರೂ ಅವಳು ಕೈ ಎತ್ತಿ ಬೀಸಿದಳು. ಆಮೇಲೆ ಪೆಟ್ಟಿಗೆ ತೆರೆದು ಉಂಗುರವನ್ನು ತಾನೇ ಬೆರಳಿಗೆ ಹಾಕಿಕೊಂಡಳು. ಬಯ್ಯೂಮಿ ಮೇಸ್ತ್ರಿ ಗೋಡೆಯ ಕಡೆ ತಿರುಗಿ, ಇಲ್ಲದ ಬಿರುಕೊಂದನ್ನು ಹುಡುಕತೊಡಗಿದ. ನಈಮಾ ಕಣ್ಣೊರೆಸಿಕೊಂಡಳು.

"ಮೇಸ್ತ್ರಿ, ನಾಲ್ಕೂ ಗೋಡೆ ಬಿಳಿ," ಎಂದಳು ರಬಾಬ್.

"ಪರದೆ?" ಹೈಸಮ್ ಕಿಟಕಿಯನ್ನೇ ನೋಡುತ್ತ ಮೆಲ್ಲಗೆ ಕೇಳಿದ.

"ದಪ್ಪದ್ದು! ಆ ಕಡೆದು ಒಂದು ಚೂರೂ ಕಾಣಬಾರದು!"

"ಆಗ್ಲಿ. ಬೆಳಕು ಬರಲ್ಲ, ಅಷ್ಟೇ."

ಅವಳು ಕಿಟಕಿ ನೋಡಿದಳು. ಬೆಳಕು ತನ್ನ ಕಾಲ ಬಳಿಯವರೆಗೂ ಬಂದಿತ್ತು. ಬಿಳಿ ಚುಕ್ಕೆ ಅಂಟಿದ ಅವನ ಹುಬ್ಬನ್ನು ನೋಡಿದಳು. ಸೆರಗಿನಂತೆ ಇಳಿದಿದ್ದ ತನ್ನ ತಲೆವಸ್ತ್ರದ ತುದಿಯಿಂದ ಆ ಚುಕ್ಕೆ ಒರೆಸಿದಳು. ಅದು ಒಣಗಿ ಅಂಟಿತ್ತು, ಹೋಗಲಿಲ್ಲ.

"ಹಾಗಾದ್ರೆ ತೆಳು ಪರದೆ ಹಾಕಿಸು," ಎಂದಳು.

"ನಿಜವಾಗ್ಲೂ?"

"ಹ್ಞೂಂ. ಆದ್ರೆ ಇನ್ಮೇಲೆ ಟೀ ಮಾತ್ರ ನನ್ನ ಕೈದೇ ಕುಡೀಬೇಕು."