ರಾಜಾನುಕುಂಟೆ ಹೊಲದ ಟಿಕ್ ಹುಳ

ನನಗೆ ಹೆಸರು ಗೊತ್ತಿಲ್ಲದ ಹುಳ ಬೆಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ. ಇದನ್ನು ನನ್ನ ಹೆಂಡತಿ ಲುಬ್ನಾ ನಂಬುತ್ತಾಳೆ, ಅವಳ ತಮ್ಮ ಉಜೈರ್ ನಂಬುವುದಿಲ್ಲ. ಕಳೆದ ಡಿಸೆಂಬರಿನಲ್ಲಿ ನಾವು ಮೂವರೂ ರಾಜಾನುಕುಂಟೆಯಾಚೆ ಹೊಲವೊಂದರಲ್ಲಿ ಟೆಂಟ್ ಹಾಕಿದ್ದೆವು. ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ಕಪ್ಪು ಹುಳವೊಂದು ಬಂತು. ಆಣೆಗೂ ಇಡ್ಲಿಯಷ್ಟಿತ್ತು. ಅದರ ಮೇಲೆ ಗಾಜಿನ ಬೋಗುಣಿ ಕವುಚಿದೆ. ಬೋಗುಣಿ ಮಂಜುಗಡ್ಡೆಯಂತೆ ತಣ್ಣಗಾಯಿತು.

“ಏನ್ ದುಲ್ಹಾಭಾಯ್, ಇದರ ಹೆಸರೇನು?” ಎಂದು ಉಜೈರ್ ಕೆಣಕಿದ.

“ಇದಾ? ಕಬ್ಬಿಣ ಜೀರುಂಡೆ. ಹೆಬ್ಬಾಳ ಕೆರೆ ಹತ್ರ ಸಾವಿರ ಹಿಡಿದಿದ್ದೀನಿ.”

ಹುಳ ಟಿಕ್ ಎಂದಿತು.

“ಸಾವಿರ ಇಲ್ದಿದ್ರೆ ನೂರು.” ಟಿಕ್.

“ಒಂದಾದ್ರೂ ಹಿಡಿದಿದ್ದೀನಿ ಕಣೋ.” ಟಿಕ್.

“ಹೋಗ್ಲಿ, ಹೆಸರು ನಂಗೊತ್ತಿಲ್ಲ.”

ಹುಳ ಸುಮ್ಮನಿತ್ತು. ಉಜೈರ್ ಹೊಟ್ಟೆ ಹಿಡಿದುಕೊಂಡು ನಕ್ಕು ಅಕ್ಕನ ಕಡೆ ತಿರುಗಿದ. “ಸುಳ್ಳು ಹಿಡಿಯೋ ಹುಳ ಆಪಾ ಇದು. ಮನೆಗೆ ತಗೊಂಡ್ಹೋಗು.”

ಉಳಿದಷ್ಟು ಮಾನವನ್ನಾದರೂ ಕಾಪಾಡಿಕೊಳ್ಳಲು, ಯಾರೂ ಅಲ್ಲಗಳೆಯಲಾಗದ ಮಾತೊಂದನ್ನು ಆಡಿದೆ. “ಈ ಹೊಲದಲ್ಲಿರೋದು ನಾವು ಮೂರೇ ಜನ.”

ಟಿಕ್.

ಉಜೈರನ ನಗು ನಿಂತಿತು. ಊಟಕ್ಕೆ ಹಾಸಿದ್ದ ದಸ್ತರ್‌ಖಾನಿನ ಮೇಲೆ ನಾಲ್ಕು ತಟ್ಟೆಗಳಿದ್ದವು.

“ನಾನು ಇಟ್ಟಿದ್ದು ಮೂರೇ ಕಣ್ರೀ,” ಎಂದಳು ಲುಬ್ನಾ.

ಹುಳ ಸುಮ್ಮನಿತ್ತು.